ಹೊರಗಿನ ಸೌದೆ ಬಾಯ್ಲರ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಚಳಿ ರಾಜ್ಯಗಳಲ್ಲಿ ಪೇಟೆ ಬಿಟ್ಟು ಹಳ್ಳಿ ಕಡೆ ಮನೆ ಮಾಡಿದ ಕನ್ನಡಿಗರು ಈ ಸಲ ಹೆಚ್ಚುಕಮ್ಮಿ ಒಂದೇ ವಿಷಯದ ಬಗ್ಗೆ ಬರೆದಿದ್ದಾರೆ. ಅದು ಮನೆ ಹೊರಗೆ ನಿಲ್ಲುವ ಸೌದೆ ಬಾಯ್ಲರ್. ನೋಡಿಲ್ಲದವರಿಗೆ ಎರಡು ಮಾತು. ಹಿತ್ತಿಲಲ್ಲಿ ಚಿಮಣಿ ಇರುವ ತಗಡಿನ ಶೆಡ್ಡಿನ ಹಾಗೆ ಕಾಣುತ್ತದೆ. ಒಳಗೆ ಸೌದೆ ಉರಿಯುವ ಗೂಡು, ಗೂಡಿನ ಸುತ್ತ ನೂರಾರು ಲೀಟರ್ ನೀರು. ಆ ನೀರು ಸುಮಾರು 180 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 82 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅದನ್ನು ಒಂದು ಸಣ್ಣ ಪಂಪು ನೆಲದೊಳಗಿನ ಪೈಪಿನಲ್ಲಿ ಮನೆಗೆ ತಳ್ಳುತ್ತದೆ, ನೀರು ಅಲ್ಲಿ ಬಿಸಿ ಬಿಟ್ಟುಕೊಟ್ಟು ವಾಪಸ್ ಬರುತ್ತದೆ. ಬೆಂಕಿ, ಬೂದಿ, ಕಸ ಎಲ್ಲ ಹೊರಗೆ. ಬಿಸಿ ಮಾತ್ರ ಒಳಗೆ.

ಪ್ರಶ್ನೆ: ಹೋದ ವರ್ಷ ಹನ್ನೆರಡು ಎಕರೆ ಕಾಡಿನ ಜೊತೆ ಒಂದು ಹಳೇ ಫಾರ್ಮ್‌ಹೌಸ್ ತೆಗೆದುಕೊಂಡೆವು. ಹಿಂದಿನ ಮಾಲೀಕರು ಒಂದು ಸೌದೆ ಬಾಯ್ಲರ್ ಬಿಟ್ಟುಹೋಗಿದ್ದಾರೆ. ಹದಿನೈದು ವರ್ಷಕ್ಕಿಂತ ಹಳೆಯದಂತೆ. ಈಗ ಮನೆ ಕಾಯಿಸುವ ಪ್ರೊಪೇನ್ ಗ್ಯಾಸಿನ ಬಿಲ್ ನೋಡಿದರೆ ಎದೆ ಒಡೆಯುತ್ತದೆ. ಇದನ್ನೇ ಹಚ್ಚೋಣವಾ, ಗುಜರಿಗೆ ಹಾಕಿ ಹೊಸದು ತರೋಣವಾ?
— ಓದುಗರು, ಅಪ್‌ಸ್ಟೇಟ್ ನ್ಯೂಯಾರ್ಕ್

ಉತ್ತರ: ಹಚ್ಚುವ ಮೊದಲು ಗೂಡಿನೊಳಗೆ ಟಾರ್ಚ್ ಬಿಟ್ಟು ನೋಡಿ. ಹಳೇ ಬೂದಿ ಹಾಗೇ ಬಿಟ್ಟಿದ್ದರೆ ಎಲ್ಲ ತೆಗೆದು, ತಂತಿ ಬ್ರಷ್‌ನಲ್ಲಿ ಉಜ್ಜಿ, ಕೆಳಗಿನ ಮೂಲೆಗಳನ್ನೂ ವೆಲ್ಡಿಂಗ್ ಗೆರೆಗಳನ್ನೂ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಬೂದಿ ಗಾಳಿಯ ತೇವ ಹೀರಿಕೊಂಡು ಕಬ್ಬಿಣವನ್ನು ತಿನ್ನುತ್ತದೆ. ಹಾಗಾಗಿ ತೂತು ಬೀಳುವುದು ಹೆಚ್ಚಾಗಿ ಚಳಿಗಾಲದಲ್ಲಿ ಉರಿಯುವಾಗ ಅಲ್ಲ, ಬೇಸಿಗೆಯಲ್ಲಿ ಸುಮ್ನೆ ನಿಂತಿರುವಾಗ. ಬೂದಿ ಒಂದು ಕಡೆ ಮಾತ್ರ ಒದ್ದೆಯಾಗಿದ್ದರೆ, ಅಥವಾ ನೀರಿನ ಮಟ್ಟ ಕಾರಣವಿಲ್ಲದೆ ಇಳಿಯುತ್ತಿದ್ದರೆ, ಒಳಗಿನ ನೀರಿನ ಗೋಡೆ ಸೋರುತ್ತಿದೆ ಅಂತಲೇ ಲೆಕ್ಕ. ಒಂದು ತೂತಾದರೆ ವೆಲ್ಡ್ ಮಾಡಿಸಬಹುದು. ಸುತ್ತ ತಗಡು ತೆಳ್ಳಗಾಗಿದ್ದರೆ ದುಡ್ಡು ಹಾಕಬೇಡಿ, ಈ ವರ್ಷ ಇಲ್ಲಿ ಮುಚ್ಚಿದರೆ ಮುಂದಿನ ವರ್ಷ ಪಕ್ಕದಲ್ಲಿ ಬಾಯಿ ಬಿಡುತ್ತದೆ.

ಗಟ್ಟಿಯಾಗಿದೆ ಅಂತಿಟ್ಟುಕೊಳ್ಳಿ. ಆಗಲೂ ಹಳೇ ಮಾದರಿಗೆ ಒಂದು ಹುಟ್ಟುಗುಣ ಇದೆ. ನೀರು ಬೇಕಾದಷ್ಟು ಕಾದ ಕೂಡಲೇ ಗಾಳಿ ಬರುವ ಕಿಂಡಿ ಮುಚ್ಚಿಕೊಳ್ಳುತ್ತದೆ. ಒಳಗೆ ತುಂಬಿದ ಸೌದೆ ಆರುವುದೂ ಇಲ್ಲ, ಉರಿಯುವುದೂ ಇಲ್ಲ, ಹೊಗೆಯಾಡುತ್ತಾ ಕೂತಿರುತ್ತದೆ. ಆ ಹೊಗೆಯಲ್ಲಿರುವ ಅನಿಲ ಉರಿಯುವ ಸರಕೇ. ಅಷ್ಟೂ ಚಿಮಣಿಯಿಂದ ದಂಡವಾಗಿ ಹೋಗುತ್ತದೆ, ಉಳಿದದ್ದು ಗೋಡೆಗೆ ಡಾಂಬರಿನಂತೆ ಮೆತ್ತಿಕೊಳ್ಳುತ್ತದೆ. ಹೊಸ ಗ್ಯಾಸಿಫಿಕೇಶನ್ ಮಾದರಿಯಲ್ಲಿ ಆ ಅನಿಲವನ್ನು ಇನ್ನೊಂದು ಕೋಣೆಗೆ ಎಳೆದು, ಬಿಸಿ ಗಾಳಿ ಕೊಟ್ಟು, ಅಲ್ಲಿ ಮತ್ತೆ ಸುಡುತ್ತಾರೆ. ಸೌದೆಯೂ ಕಡಿಮೆ, ಹೊಗೆಯೂ ಕಡಿಮೆ.

ಕಾನೂನಿನ ಮಾತು. ಕೇಂದ್ರ ಪರಿಸರ ಸಂಸ್ಥೆ ಇಪಿಎ 2015ರಲ್ಲಿ ಈ ಬಾಯ್ಲರ್‌ಗಳಿಗೆ ಹೊಗೆ ಮಿತಿ ಹಾಕಿತು. 2020ರ ಮೇ 15ರಿಂದ ಅದು ಇನ್ನೂ ಬಿಗಿಯಾಯಿತು. ಆ ಮಿತಿ ದಾಟುವ ಹೊಸ ಬಾಯ್ಲರ್ ಈಗ ಅಂಗಡಿಯಲ್ಲಿ ಮಾರುವಂತಿಲ್ಲ. ಈಗಾಗಲೇ ಹಿತ್ತಿಲಲ್ಲಿ ಇರುವುದನ್ನು ಕಿತ್ತುಹಾಕಿ ಅಂತ ಆ ನಿಯಮ ಹೇಳುವುದಿಲ್ಲ. ಆದರೆ ನಿಮ್ಮ ರಾಜ್ಯದ ನಿಯಮ ಬೇರೆಯೇ ಇದೆ: 2011ರ ಏಪ್ರಿಲ್ ನಂತರ ಹಾಕಿಸುವ ಮನೆ ಬಳಕೆಯ ಬಾಯ್ಲರ್‌ಗೆ ನೆಲದಿಂದ ಕನಿಷ್ಠ 18 ಅಡಿ ಚಿಮಣಿ ಬೇಕು, ಜಮೀನಿನ ಗಡಿಯಿಂದ 100 ಅಡಿ ದೂರ ಬೇಕು. ಇದರ ಮೇಲೆ ಟೌನಿನವರ ನಿಯಮ ಇರಬಹುದು, ಟೌನ್ ಕಚೇರಿಗೆ ಒಂದು ಫೋನ್ ಮಾಡಿ. ಮನೆ ವಿಮೆಯವರಿಗೂ ತಿಳಿಸಿ, ಆಮೇಲೆ ಗೊತ್ತಾದರೆ ತಕರಾರು ತೆಗೆಯುತ್ತಾರೆ.

ಕೊಳ್ಳುವುದೇ ಆದರೆ ದೊಡ್ಡದು ಕೊಳ್ಳಬೇಡಿ. "ಇರಲಿ, ಮುಂದೆ ಬೇಕಾಗುತ್ತೆ" ಅನ್ನುವ ನಮ್ಮ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಮನೆಗೆ ಬೇಕಾದ್ದಕ್ಕಿಂತ ದೊಡ್ಡ ಬಾಯ್ಲರ್ ದಿನದ ಹೆಚ್ಚು ಹೊತ್ತು ಕಿಂಡಿ ಮುಚ್ಚಿಕೊಂಡು ಹೊಗೆ ಕಾರುತ್ತಾ ಇರುತ್ತದೆ. ಹಾಕಿಸುವ ಖರ್ಚು, ಪೈಪು ಎಲ್ಲ ಸೇರಿ ಹತ್ತು ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ. ಅದಕ್ಕೇ ಮೊದಲು ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ: ಸೌದೆ ಯಾರು ಕಡಿಯುತ್ತಾರೆ, ಯಾರು ಸೀಳುತ್ತಾರೆ, ಯಾರು ಪೇರಿಸುತ್ತಾರೆ? ಹನ್ನೆರಡು ಎಕರೆ ಕಾಡು ಇದೆ, ಸರಿ. ವಾರಾಂತ್ಯ ಇದೆಯಾ? ಎಲ್ಲ ಸೌದೆಯನ್ನೂ ದುಡ್ಡು ಕೊಟ್ಟೇ ತರುವುದಾದರೆ ಮೊದಲು ಮನೆಯ ಅಟ್ಟಕ್ಕೆ, ಗೋಡೆಗೆ ಇನ್ಸುಲೇಶನ್ ಹಾಕಿಸಿ. ಅದರಿಂದ ಪ್ರೊಪೇನ್ ಬಿಲ್ಲೂ ಇಳಿಯುತ್ತದೆ, ಬೆನ್ನೂ ಉಳಿಯುತ್ತದೆ.

ಪ್ರಶ್ನೆ: ಸೌದೆಯವನು "ಸೀಸನ್ಡ್", ಅಂದರೆ ಚೆನ್ನಾಗಿ ಒಣಗಿದ್ದು, ಅಂತ ಹೇಳಿ ಲೋಡ್ ಇಳಿಸಿ ಹೋದ. ಬಾಯ್ಲರ್‌ಗೆ ಹಾಕಿದರೆ ಸುಂಯ್ ಅನ್ನುತ್ತದೆ, ತುದಿಯಲ್ಲಿ ನೊರೆ ಬರುತ್ತದೆ, ಚಿಮಣಿ ತುಂಬ ಹೊಗೆ. ಮೂರು ಕಾರ್ಡ್ (ಇಲ್ಲಿ ಸೌದೆ ಅಳೆಯುವ ಲೆಕ್ಕ) ಅಂದಿದ್ದ, ಪೇರಿಸಿದರೆ ಅಷ್ಟು ಕಾಣಿಸುತ್ತಿಲ್ಲ. ಬಾಯ್ಲರ್ ಕೆಟ್ಟಿದೆಯಾ?
— ಓದುಗರು, ಮಿಷಿಗನ್

ಉತ್ತರ: ಬಾಯ್ಲರ್ ಚೆನ್ನಾಗಿದೆ, ಸೌದೆ ಹಸಿ. ಈ ಸಲ ಬಂದ ದೂರುಗಳಲ್ಲಿ ಅರ್ಧಕ್ಕರ್ಧ ಇದೇ. ಯಂತ್ರಕ್ಕೆ ಸಾವಿರಾರು ಡಾಲರ್ ಕೊಟ್ಟವರು ಸೌದೆ ವಿಷಯಕ್ಕೆ ಬಂದಾಗ ಮಾತು ನಂಬುತ್ತಾರೆ.

ಅಳತೆ ಮೊದಲು. ಒಂದು ಪೂರ್ತಿ ಕಾರ್ಡ್ ಅಂದರೆ 4 ಅಡಿ ಅಗಲ, 4 ಅಡಿ ಎತ್ತರ, 8 ಅಡಿ ಉದ್ದ, ಒಟ್ಟು 128 ಘನ ಅಡಿ. ಫೇಸ್ ಕಾರ್ಡ್ ಅಂದರೆ ಅದೇ ಎತ್ತರ, ಅದೇ ಉದ್ದ, ಆದರೆ ಒಂದೇ ಸಾಲು. ತುಂಡು 16 ಇಂಚಿನದಾದರೆ ಮೂರು ಫೇಸ್ ಕಾರ್ಡ್ ಸೇರಿ ಒಂದು ಪೂರ್ತಿ ಕಾರ್ಡ್. ನಿಮ್ಮವನು ಬಹುಶಃ ಮೂರು ಫೇಸ್ ಕಾರ್ಡ್ ಇಳಿಸಿ ಹೋಗಿದ್ದಾನೆ. ಸುಳ್ಳು ಹೇಳಿದ ಅಂತ ಅಲ್ಲ, ಅಲ್ಲಿ ಕಾರ್ಡ್ ಅಂದರೆ ಅದೇ ಅಂತ ಎಷ್ಟೋ ಜನ ಮಾತಾಡಿಕೊಳ್ಳುತ್ತಾರೆ. ಮುಂದಿನ ಸಲ ಅಡಿ ಲೆಕ್ಕದಲ್ಲೇ ಕೇಳಿ, ಪೇರಿಸಿ ಅಳೆದ ಮೇಲೆ ದುಡ್ಡು ಕೊಡಿ.

ಇನ್ನು ತೇವ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರಬಹುದು. ಸುಡುವುದಕ್ಕೆ ಶೇ. 20ಕ್ಕಿಂತ ಕೆಳಗೆ ಇಳಿಯಬೇಕು. ಒಂದು ಕೆಜಿ ನೀರನ್ನು ಆವಿ ಮಾಡಿ ಓಡಿಸಲು ಎಷ್ಟು ಬಿಸಿ ಬೇಕೋ ಅಷ್ಟರಲ್ಲಿ ಐದು ಕೆಜಿ ನೀರನ್ನು ಸೊನ್ನೆ ಡಿಗ್ರಿಯಿಂದ ಕುದಿಯುವ ತನಕ ಕಾಯಿಸಬಹುದು. ಹಸಿ ಸೌದೆ ಹಾಕಿದಾಗ ನೀವು ಮನೆ ಕಾಯಿಸುವ ಮೊದಲು ಸೌದೆಯೊಳಗಿನ ನೀರು ಕಾಯಿಸುತ್ತೀರಿ. ಅದರಿಂದ ಗೂಡಿನ ಬಿಸಿ ಇಳಿಯುತ್ತದೆ, ಅನಿಲ ಹತ್ತಿಕೊಳ್ಳುವುದಿಲ್ಲ, ಹೊಗೆ ಜಾಸ್ತಿ, ಮಸಿ ಜಾಸ್ತಿ. ಗ್ಯಾಸಿಫಿಕೇಶನ್ ಬಾಯ್ಲರ್ ಅಂತೂ ಹಸಿ ಸೌದೆಯಲ್ಲಿ ನಡೆಯುವುದೇ ಇಲ್ಲ.

ಎರಡು ಮೊಳೆ ಇರುವ ಸಣ್ಣ ತೇವದ ಮೀಟರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ತನ್ನಿ. ಅದನ್ನು ತುಂಡಿನ ಹೊರಮೈಗೆ ಚುಚ್ಚಬೇಡಿ, ಹೊರಗೆ ಯಾವಾಗಲೂ ಒಣಗಿರುತ್ತದೆ. ತುಂಡನ್ನು ಆಗಷ್ಟೇ ಸೀಳಿ, ಹೊಸದಾಗಿ ತೆರೆದ ಒಳಮೈಗೆ ಚುಚ್ಚಿ. ಲೋಡ್ ಇಳಿಸುವಾಗಲೇ ಅವನೆದುರಿಗೆ ನಾಲ್ಕು ತುಂಡು ಸೀಳಿ ನೋಡಿದರೆ ಮುಂದಿನ ವರ್ಷದಿಂದ ನಿಮಗೆ ಒಳ್ಳೇ ಸೌದೆಯೇ ಬರುತ್ತದೆ.

ಒಣಗಲು ಸಮಯ ಬೇಕು, ಅಡ್ಡದಾರಿ ಇಲ್ಲ. ಓಕ್ ಸೀಳಿ ಪೇರಿಸಿದ ಮೇಲೂ ಎರಡು ವರ್ಷ ಕೇಳುತ್ತದೆ. ಆ್ಯಶ್ ಮರ ಬೇಗ. ಸೀಳಿಯೇ ಪೇರಿಸಬೇಕು, ದಿಮ್ಮಿಯಾಗಿ ಬಿಟ್ಟರೆ ತೊಗಟೆಯೊಳಗೆ ನೀರು ಹಿಡಿದುಕೊಂಡು ಕೂತಿರುತ್ತದೆ. ನೆಲಕ್ಕೆ ತಾಗದ ಹಾಗೆ ಅಡಿಗೆ ಹಲಗೆ ಕೊಟ್ಟು, ಮೇಲೆ ಮಾತ್ರ ತಗಡು ಹೊದಿಸಿ, ಪಕ್ಕಗಳನ್ನು ಗಾಳಿಗೆ ಬಿಡಿ. ಸುತ್ತ ಟಾರ್ಪಾಲ್ ಬಿಗಿದು ಕಟ್ಟುವುದನ್ನು ನೋಡಿದ್ದೇನೆ, ಅದು ಸೌದೆ ಒಣಗಿಸುವುದಲ್ಲ, ಬೇಯಿಸುವುದು. ಮಲೆನಾಡಿನವರಿಗೆ ಇದೆಲ್ಲ ಹೇಳಬೇಕಾಗಿಲ್ಲ, ಬೇಸಿಗೆಯಲ್ಲೇ ಮಳೆಗಾಲದ ಕಟ್ಟಿಗೆ ಒಳಗೆ ಹಾಕುವ ಮನೆಯಲ್ಲಿ ಬೆಳೆದವರಿಗೆ ಲೆಕ್ಕ ಗೊತ್ತು. ಇಲ್ಲಿ ಆ ಲೆಕ್ಕವನ್ನು ಒಂದು ವರ್ಷ ಹಿಂದಕ್ಕೆ ಹಾಕಿಕೊಳ್ಳಬೇಕು ಅಷ್ಟೇ: ಈ ಚಳಿಗಾಲ ಸುಡುವಾಗ ಮುಂದಿನ ಚಳಿಗಾಲದ್ದು ಆಗಲೇ ಪೇರಿಸಿ ನಿಂತಿರಬೇಕು.

ನಿಮ್ಮ ಕಡೆ ಒಣಗಿ ನಿಂತ ಆ್ಯಶ್ ಮರ ಬೇಕಾದಷ್ಟಿದೆ. ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ದುಂಬಿ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಪತ್ತೆಯಾಯಿತು, ಆಮೇಲೆ ಕೋಟಿಗಟ್ಟಲೆ ಮರ ಕೊಂದಿದೆ. ಸತ್ತ ಮರ ಒಳ್ಳೇ ಸೌದೆ. ಆದರೆ ದೂರದ ಊರಿಂದ ತರಬೇಡಿ, ದೂರಕ್ಕೆ ಕೊಡಲೂಬೇಡಿ. ದುಂಬಿ ಊರಿಂದ ಊರಿಗೆ ಹೋದದ್ದೇ ಸೌದೆ ಲೋಡಿನಲ್ಲಿ. ನ್ಯೂಯಾರ್ಕ್ ರಾಜ್ಯದಲ್ಲಿ ಶಾಖ ಕೊಟ್ಟು ಶುದ್ಧ ಮಾಡದ ಸೌದೆಯನ್ನು 50 ಮೈಲಿಗಿಂತ ದೂರ ಸಾಗಿಸುವಂತೆಯೇ ಇಲ್ಲ. ಮತ್ತೆ, ಒಣಗಿ ನಿಂತ ಆ್ಯಶ್ ಕಡಿಯುವ ಕೆಲಸ ಗೊತ್ತಿದ್ದವರಿಗೆ ಬಿಡಿ. ಕೊಂಬೆ ಹೇಳದೆ ಕೇಳದೆ ಮುರಿದು ಬೀಳುತ್ತದೆ.

ಈಗ ಬಂದಿರುವ ಹಸಿ ಲೋಡನ್ನು ಏನು ಮಾಡುವುದು? ಪೇರಿಸಿ ಮುಂದಿನ ವರ್ಷಕ್ಕೆ ಇಡಿ. ಈ ವರ್ಷಕ್ಕೆ ಗೂಡೊಣಗಿಸಿದ ಸೌದೆ, ಇಲ್ಲಿ ಕಿಲ್ನ್ ಡ್ರೈಡ್ ಅನ್ನುತ್ತಾರಲ್ಲ, ಅದನ್ನು ಸ್ವಲ್ಪ ತರಿಸಿ. ದುಬಾರಿ, ಏನು ಮಾಡುವುದು.

ಪ್ರಶ್ನೆ: ಬಾಯ್ಲರ್‌ನಿಂದ ಮನೆಯವರೆಗೆ ಹಿಮದ ಮೇಲೆ ಒಂದು ಪಟ್ಟಿ ಕರಗಿ ಹುಲ್ಲು ಕಾಣುತ್ತಿದೆ. ಮಕ್ಕಳಿಗೆ ಖುಷಿ. ನನಗೆ ಅನುಮಾನ.
— ಓದುಗರು, ಮಿನೆಸೋಟ

ಉತ್ತರ: ಅನುಮಾನ ಸರಿ. ಆ ಪಟ್ಟಿ ನಿಮ್ಮ ಸೌದೆಯ ದುಡ್ಡಿನದು. ಅಗ್ಗದ ಪೈಪಿನಲ್ಲಿ ಎರಡು ಕೊಳವೆಗೆ ಗುಳ್ಳೆ ಹಾಳೆ ಸುತ್ತಿ ಹೊರಗೊಂದು ಪ್ಲಾಸ್ಟಿಕ್ ತೊಗಟೆ ಹಾಕಿರುತ್ತಾರೆ. ಅದರೊಳಗೆ ನೆಲದ ನೀರು ನುಗ್ಗಿದರೆ ಮುಗಿಯಿತು, ಬಿಸಿ ಪೈಪು ತಣ್ಣೀರಲ್ಲಿ ಮಲಗಿದ ಹಾಗೆ. ಪೈಪಿಗೆ ಗಟ್ಟಿಯಾಗಿ ಅಂಟಿಕೊಂಡ ಫೋಮ್ ಇರುವುದನ್ನೇ ಹಾಕಿಸಬೇಕು. ಇಡೀ ಕೆಲಸದಲ್ಲಿ ದುಡ್ಡು ಉಳಿಸಬಾರದ ಜಾಗ ಇದೊಂದು, ಯಾಕೆಂದರೆ ಮತ್ತೆ ಅಗೆಯಬೇಕಲ್ಲ.

ಎಷ್ಟು ನಷ್ಟ ಅಂತ ನೀವೇ ಲೆಕ್ಕ ಹಾಕಬಹುದು. ಬಾಯ್ಲರ್ ಬಿಡುವ ಜಾಗದಲ್ಲಿ ಪೈಪಿನ ಬಿಸಿ ಅಳೆಯಿರಿ, ಮನೆಯೊಳಗೆ ಬರುವ ಜಾಗದಲ್ಲಿ ಅದೇ ಪೈಪನ್ನು ಅದೇ ಥರ್ಮಾಮೀಟರ್‌ನಿಂದ ಅಳೆಯಿರಿ. ಒಂದೆರಡು ಡಿಗ್ರಿ ಫ್ಯಾರನ್‌ಹೀಟ್ ವ್ಯತ್ಯಾಸವಾದರೆ ಚಿಂತೆಯಿಲ್ಲ. ಸೂತ್ರ ಸುಲಭ: ನಿಮಿಷಕ್ಕೆ ಎಷ್ಟು ಗ್ಯಾಲನ್ ಹರಿಯುತ್ತದೋ ಅದನ್ನು ಡಿಗ್ರಿ ವ್ಯತ್ಯಾಸದಿಂದ ಗುಣಿಸಿ, ಮತ್ತೆ 500ರಿಂದ ಗುಣಿಸಿ. ಬರುವುದು ಗಂಟೆಗೆ ಎಷ್ಟು ಬಿಟಿಯು ಅಂತ, ಬಿಟಿಯು ಅಂದರೆ ಇಲ್ಲಿ ಶಾಖ ಅಳೆಯುವ ಲೆಕ್ಕ. ಎಂಟು ಗ್ಯಾಲನ್ ಹರಿದು ಐದು ಡಿಗ್ರಿ ಇಳಿದರೆ 20,000 ಬಿಟಿಯು ಮಣ್ಣಿಗೆ. ಅದು ಹೋಗುವ ದಾರಿಯದು ಮಾತ್ರ, ವಾಪಸ್ ಬರುವ ಪೈಪೂ ಅದೇ ಮಣ್ಣಿನಲ್ಲಿದೆ.

ಈ ಚಳಿಯಲ್ಲಿ ಅಗೆಯಲು ಆಗುವುದಿಲ್ಲ, ನಿಮ್ಮ ರಾಜ್ಯದ ಉತ್ತರ ಭಾಗದಲ್ಲಿ ಮನೆ ಪಾಯವನ್ನೇ 5 ಅಡಿ ಕೆಳಗೆ ಹಾಕಬೇಕು, ನೆಲ ಅಷ್ಟು ಹೆಪ್ಪುಗಟ್ಟುತ್ತದೆ. ಪಟ್ಟಿ ಎಲ್ಲಿ ಅಗಲ ಇದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಅಲ್ಲಿಂದಲೇ ಅಗೆಯಲು ಶುರು ಮಾಡಿ.

ಪ್ರಶ್ನೆ: ನಮ್ಮ ಮಗ ವಿಸ್ಕಾನ್ಸಿನ್‌ನಲ್ಲಿ ಇಂಥದ್ದೊಂದು ಇಟ್ಟುಕೊಂಡಿದ್ದಾನೆ. ಇಂಜಿನಿಯರ್ ಓದಿ ಅಲ್ಲಿ ಹೋಗಿ ಸೌದೆ ಒಡೆಯುತ್ತಾನೆ ಅಂದರೆ ನಮ್ಮ ಮನೆಯವರು ನಗುತ್ತಾರೆ. ರಾತ್ರಿಯೆಲ್ಲ ಎದ್ದು ಹಿಮದಲ್ಲಿ ಹೋಗಿ ಸೌದೆ ಹಾಕಬೇಕಾ? ಡಿಸೆಂಬರ್‌ನಲ್ಲಿ ತಂಗಿ ಮದುವೆಗೆ ಮೂರು ವಾರ ಬರಬೇಕು, ಬಾಯ್ಲರ್ ಬಿಟ್ಟು ಬರಲಿಕ್ಕಾಗುವುದಿಲ್ಲ ಅನ್ನುತ್ತಿದ್ದಾನೆ. ನಿಜವಾ, ನೆಪವಾ?
— ಒಬ್ಬ ತಾಯಿ, ಶಿರಸಿ

ಉತ್ತರ: ಅಮ್ಮಾ, ಅರ್ಧ ನಿಜ. ರಾತ್ರಿ ಏಳಬೇಕಾಗಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತುಂಬಿದರೆ ಸಾಮಾನ್ಯವಾಗಿ ಸಾಕು, ತೀರಾ ಚಳಿ ಬಿದ್ದಾಗ ಮಧ್ಯೆ ಇನ್ನೊಂದು ಸಲ.

ಊರಿಗೆ ಬರುವ ವಿಷಯದಲ್ಲಿ ಅವನ ಭಯಕ್ಕೆ ಕಾರಣ ಇದೆ. ಬೆಂಕಿ ಆರಿ ನೀರು ಹರಿಯದೆ ನಿಂತರೆ ಆ ಚಳಿಗೆ ಹೆಪ್ಪುಗಟ್ಟಿ ಪೈಪು, ಪಂಪು, ಬಾಯ್ಲರ್ ಎಲ್ಲ ಸೀಳಿಹೋಗಬಹುದು. ಆದರೆ ದಾರಿ ಇದೆ. ಮನೆಯೊಳಗೆ ಗ್ಯಾಸಿನದೋ ಪ್ರೊಪೇನಿನದೋ ಇನ್ನೊಂದು ಫರ್ನೇಸ್ ಇದ್ದೇ ಇರುತ್ತದೆ. ಅದನ್ನು ಕಡಿಮೆ ಬಿಸಿಗೆ ಇಟ್ಟು, ಬಾಯ್ಲರಿನ ಪಂಪು ನಡೆಯುತ್ತಲೇ ಇರುವಂತೆ ಬಿಟ್ಟರೆ ಮನೆಯ ಬಿಸಿಯೇ ವಾಪಸ್ ಹರಿದು ಬಾಯ್ಲರ್ ನೀರು ಹೆಪ್ಪುಗಟ್ಟದಂತೆ ಕಾಯುತ್ತದೆ. ಪ್ರೊಪೇನ್ ಸ್ವಲ್ಪ ಖರ್ಚಾಗುತ್ತದೆ, ಆಗಲಿ. ಪ್ರತಿವರ್ಷ ಊರಿಗೆ ಬರುವವರು ಪ್ರೊಪೈಲೀನ್ ಗ್ಲೈಕಾಲ್ ಎಂಬ ಆಂಟಿಫ್ರೀಜ್ ಹಾಕಿಸುತ್ತಾರೆ. ಕಾರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಬೇಡ, ಅದು ವಿಷ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ಅದಕ್ಕೆ ನಮ್ಮೂರಿನ ಇನ್ವರ್ಟರ್ ಥರದ್ದೋ ಜನರೇಟರೋ ಇರಲಿ, ದಿನಕ್ಕೊಮ್ಮೆ ಬಂದು ನೋಡುವ ಒಬ್ಬ ಅಕ್ಕಪಕ್ಕದವರೂ ಇರಲಿ. ಇಷ್ಟು ಮಾಡಿ ಮದುವೆಗೆ ಬರಲು ಹೇಳಿ.

ಅವನಿಗೆ ಎರಡು ಮಾತು ನಮ್ಮ ಕಡೆಯಿಂದಲೂ ತಿಳಿಸಿ. ಗೂಡಿನ ಬಾಗಿಲನ್ನು ಒಮ್ಮೆಲೇ ತೆಗೆಯಬಾರದು. ಒಂದು ಇಂಚು ತೆಗೆದು, ಪಕ್ಕಕ್ಕೆ ನಿಂತು, ಸ್ವಲ್ಪ ಹೊತ್ತು ಕಾದು, ಆಮೇಲೆ ಪೂರ್ತಿ. ಒಳಗೆ ತುಂಬಿಕೊಂಡ ಅನಿಲಕ್ಕೆ ಗಾಳಿ ಸಿಕ್ಕಿದಾಗ ಭಗ್ ಅಂತ ಮುಖಕ್ಕೇ ಹೊಡೆಯುತ್ತದೆ. ಇನ್ನೊಂದು, ಸ್ನಾನದ ನೀರನ್ನೂ ಇದರಿಂದಲೇ ಕಾಯಿಸುತ್ತಿದ್ದರೆ ನಲ್ಲಿಗೆ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಹಾಕಿಸಿ 120 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 49 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಬೇಕು. ಮೊಮ್ಮಕ್ಕಳಿದ್ದರೆ ಇದು ಮೊದಲ ಕೆಲಸ.

ಸೌದೆ ಒಡೆಯುವುದಕ್ಕೆ ನಗುವುದೇಕೆ? ನಿಮ್ಮ ಬಚ್ಚಲ ಒಲೆಗೆ ಯಾರು ಒಡೆಯುತ್ತಿದ್ದರು?

ಪ್ರಶ್ನೆ: ಒಳಗಿರುವುದು ನೀರು ತಾನೇ, ಅದಕ್ಕೂ ಔಷಧಿ ಹಾಕಬೇಕು ಅಂತ ಡೀಲರ್ ಪ್ರತಿವರ್ಷ ದುಡ್ಡು ಕೇಳುತ್ತಾನೆ. ಬೇಕಾ?
— ಓದುಗರು, ವಿಸ್ಕಾನ್ಸಿನ್

ಉತ್ತರ: ಬೇಕು. ಈ ಬಾಯ್ಲರ್‌ಗಳಲ್ಲಿ ಹೆಚ್ಚಿನವು ಪ್ರೆಶರ್ ಇಲ್ಲದವು, ಮೇಲೆ ಗಾಳಿಗೆ ತೆರೆದಿರುತ್ತವೆ. ಹಾಗಾಗಿ ನೀರಿಗೆ ಆಮ್ಲಜನಕ ಸೇರುತ್ತಲೇ ಇರುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತಲೇ ಇರುತ್ತದೆ. ಔಷಧಿ ಒಳಮೈಗೆ ತೆಳ್ಳನೆ ಪದರ ಕಟ್ಟಿ ಅದನ್ನು ತಡೆಯುತ್ತದೆ, ನೀರನ್ನು ಸ್ವಲ್ಪ ಕ್ಷಾರವಾಗಿ ಇಡುತ್ತದೆ. ವರ್ಷಕ್ಕೊಮ್ಮೆ ಸಣ್ಣ ಬಾಟಲಿಯಲ್ಲಿ ಸ್ಯಾಂಪಲ್ ಕಳಿಸಿ ಪರೀಕ್ಷೆ ಮಾಡಿಸಿ, ಕಡಿಮೆ ಇದ್ದಷ್ಟು ಮಾತ್ರ ಹಾಕಿ. ಪರೀಕ್ಷೆ ಇಲ್ಲದೆ ಸುಮ್ನೆ ಸುರಿಯುವುದೂ ತಪ್ಪು. ಗ್ಯಾರಂಟಿ ಕಾಗದ ತೆಗೆದು ಓದಿ, ನೀರಿನ ಪರೀಕ್ಷೆ ಮಾಡಿಸಿದ ದಾಖಲೆ ಇಲ್ಲದಿದ್ದರೆ ತುಕ್ಕಿಗೆ ಗ್ಯಾರಂಟಿ ಇಲ್ಲ ಅಂತ ಬರೆದಿರುವುದು ಉಂಟು.

ಜೊತೆಗೆ ವಾಪಸ್ ಬರುವ ನೀರು 140 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಾಗದಂತೆ ನೋಡಿಕೊಳ್ಳಿ. ತಣ್ಣನೆ ಗೋಡೆಗೆ ಹೊಗೆ ಬೆವರಿನಂತೆ ಕೂರುತ್ತದೆ, ಆ ಬೆವರು ಆಮ್ಲ. ಬಾಗಿಲಿನ ಸುತ್ತ ಇರುವ ಹಗ್ಗದ ಗ್ಯಾಸ್ಕೆಟ್ಟನ್ನೂ ನೋಡಿ. ಬಾಯ್ಲರ್ ತಣ್ಣಗಿರುವಾಗ ಒಂದು ನೋಟನ್ನು ಬಾಗಿಲಲ್ಲಿ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಗ್ಯಾಸ್ಕೆಟ್ ಸೋತಿದೆ.

ಪ್ರಶ್ನೆ: ಪಕ್ಕದ ಮನೆಯವರು ಹೊಗೆ ಅಂತ ಟೌನಿಗೆ ದೂರು ಕೊಟ್ಟಿದ್ದಾರೆ. ಅವರೂ ಮನೆಯಲ್ಲಿ ಸೌದೆ ಸ್ಟವ್ ಹಚ್ಚುತ್ತಾರೆ!
— ಓದುಗರು, ವರ್ಮಾಂಟ್

ಉತ್ತರ: ಅವರ ಸ್ಟವ್ ಹೊಗೆ ಮಾಡಿನ ಮೇಲಿಂದ ಹೋಗುತ್ತದೆ, ನಿಮ್ಮದು ಅವರ ಕಿಟಕಿ ಎತ್ತರದಲ್ಲಿ ಹೋಗುತ್ತದೆ. ವ್ಯತ್ಯಾಸ ಅಷ್ಟೇ, ಆದರೆ ಅದೇ ದೊಡ್ಡದು. ಚಳಿಗಾಲದ ಸಂಜೆ ಗಾಳಿ ನಿಂತಾಗ ನೆಲದ ಹತ್ತಿರ ತಣ್ಣನೆ ಗಾಳಿ, ಮೇಲೆ ಬೆಚ್ಚನೆ ಗಾಳಿ ಕೂತು ಮುಚ್ಚಳ ಹಾಕಿದಂತಾಗುತ್ತದೆ, ಹೊಗೆ ಏಳುವುದೇ ಇಲ್ಲ. ಅದರಲ್ಲಿರುವ ಸಣ್ಣ ಕಣಗಳು ಶ್ವಾಸಕೋಶದ ತಳಕ್ಕೇ ಇಳಿಯುತ್ತವೆ. ಅವರ ಮನೆಯಲ್ಲಿ ಉಬ್ಬಸ ಇರುವ ಮಗು ಇದ್ದರೆ? ಜಗಳಕ್ಕೆ ಹೋಗಬೇಡಿ. ಚಿಮಣಿ ಎತ್ತರಿಸಿ, ಒಣ ಸೌದೆ ಮಾತ್ರ ಹಾಕಿ. ಚಳಿ ಇಲ್ಲದ ದಿನ ಗೂಡು ತುಂಬ ತುರುಕದೆ ಸ್ವಲ್ಪ ಸ್ವಲ್ಪ ಹಾಕಿ. ಕಸ, ಪ್ಲಾಸ್ಟಿಕ್, ಬಣ್ಣ ಹಚ್ಚಿದ ಹಲಗೆ, ಹಳೇ ಡೆಕ್ಕಿನ (ಮನೆ ಹೊರಗಿನ ಹಲಗೆ ಜಗಲಿಯ) ಮರ ಒಂದನ್ನೂ ಹಾಕಬೇಡಿ. 2004ಕ್ಕಿಂತ ಮುಂಚಿನ ಡೆಕ್ ಹಲಗೆಗಳಲ್ಲಿ ಆರ್ಸೆನಿಕ್ ಇರುವುದು ಸಾಮಾನ್ಯ. ಇಷ್ಟಾದರೂ ಹೊಗೆ ಅವರ ಮನೆಗೇ ಹೋಗುತ್ತಿದ್ದರೆ ಬಾಯ್ಲರ್ ನಿಂತಿರುವ ಜಾಗವೇ ತಪ್ಪು.

ಪ್ರಶ್ನೆ: ನಮ್ಮಲ್ಲಿ ಅಡಿಕೆ ಸಿಪ್ಪೆ, ತೆಂಗಿನ ಗರಿ ಬೇಕಾದಷ್ಟಿದೆ. ಮಳೆಗಾಲಕ್ಕೆ ಇಂಥದ್ದೊಂದು ಹಾಕಿಸಬಹುದಾ?
— ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ. ಇದು ಸೊನ್ನೆ ಡಿಗ್ರಿಗಿಂತ ಕೆಳಗೆ ತಿಂಗಳುಗಟ್ಟಲೆ ಇರುವ ಊರಿನ ಸರಕು. ನಿಮಗೆ ಬೇಕಾದ್ದು ಸ್ನಾನಕ್ಕೆ ಬಿಸಿನೀರು, ಅದಕ್ಕೆ ಬಚ್ಚಲ ಹಂಡೆ ಸಾಕು. ಒಲೆಯನ್ನು ಮಾತ್ರ ಸರಿ ಮಾಡಿಸಿ: ಕೆಳಗೆ ಜಾಲರಿ, ಗಾಳಿ ಬರಲು ಅಳತೆಯ ಕಿಂಡಿ, ಹೊಗೆ ಹೋಗಲು ಚಿಮಣಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯ ಹಿಂದಿನ ವಿಚಾರವೂ ಇದೇ. ಸಿಪ್ಪೆಯನ್ನು ಒಣಗಿಸಿ ಹಾಕಿ.

ಪ್ರಶ್ನೆ: ಬೂದಿ ರಾಶಿ ಬೀಳುತ್ತಿದೆ. ತರಕಾರಿ ಗಿಡಕ್ಕೆ ಹಾಕಬಹುದಾ?
— ಓದುಗರು, ಮೇನ್

ಉತ್ತರ: ಹಾಕಬಹುದು, ಅಳತೆಯಲ್ಲಿ. ಬೂದಿ ಸುಣ್ಣದ ಹಾಗೆ ಮಣ್ಣಿನ ಹುಳಿ ಇಳಿಸುತ್ತದೆ, ಪೊಟ್ಯಾಶ್ ಕೊಡುತ್ತದೆ. ಬ್ಲೂಬೆರಿ ಗಿಡಕ್ಕೆ ಬೇಡ, ಅದಕ್ಕೆ ಹುಳಿ ಮಣ್ಣೇ ಬೇಕು. ಆಲೂಗಡ್ಡೆ ಪಾತಿಗೂ ಬೇಡ, ಗಡ್ಡೆಗೆ ಕಜ್ಜಿ ಬರುತ್ತದೆ. ಗೂಡಿನಿಂದ ತೆಗೆದ ಬೂದಿಯನ್ನು ಮುಚ್ಚಳ ಇರುವ ಲೋಹದ ಬಕೆಟ್ಟಿನಲ್ಲೇ ತುಂಬಿ, ಮನೆಯಿಂದ, ಸೌದೆ ರಾಶಿಯಿಂದ ದೂರ, ಬರಿ ನೆಲದ ಮೇಲೆ ಇಡಿ. ಬೂದಿಯೊಳಗಿನ ಕೆಂಡ ಎಷ್ಟೋ ದಿನ ಜೀವ ಹಿಡಿದಿರುತ್ತದೆ, ಪ್ಲಾಸ್ಟಿಕ್ ಬಕೆಟ್ಟೋ ಮರದ ಜಗಲಿಯೋ ಸಿಕ್ಕಿದರೆ ಬೆಂಕಿ ಹೊತ್ತಿಕೊಳ್ಳಲು ಅಷ್ಟೇ ಸಾಕು.